ವರ್ಜೀನಿಯಾ ತಂಬಾಕು ಸೇದಿದರೆ ನಾಲಿಗೆ ಉರಿಯುವುದೇಕೆ?

ವರ್ಜೀನಿಯಾ ಫ್ಲೇಕ್ (ಒತ್ತಿ ತೆಳು ಹಾಳೆಗಳಾಗಿ ಕತ್ತರಿಸಿದ ತಂಬಾಕು) ಬ್ರಯರ್ ಪೈಪಿನಲ್ಲಿ (ಒಂದು ಬಗೆಯ ಪೊದೆಯ ಬೇರುಗಂಟಿನಿಂದ ಮಾಡಿದ್ದು) ನಾಲಿಗೆ ಸುಡುತ್ತದೆ, ಮಣ್ಣಿನ ಪೈಪಿನಲ್ಲಂತೂ ತಂಬಾಕು ತುಂಬುವ ಬಟ್ಟಲನ್ನೇ ಮುಟ್ಟಲಾಗದು, ಪೈಪು ಬದಲಿಸಬೇಕೇ ಎಂದು ತಾವು ಕೇಳಿದ್ದೀರಿ. ತಪ್ಪು ಪೈಪಿನದಲ್ಲ, ತೇವದ್ದು ಎಂಬುದು ನನ್ನ ಅಭಿಪ್ರಾಯ. ನಮ್ಮ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹದಗೊಳಿಸುವ ಮನೆಗಳಾದ ಬ್ಯಾರನ್‌ಗಳಲ್ಲಿ ಮಾಡುವಂತೆ ಹೊಗೆ ತಾಗಿಸದೆ ಬಿಸಿಗಾಳಿಯಲ್ಲಿ ಹದಗೊಳಿಸಿದ ಈ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿ ಉಳಿಯುತ್ತದೆ. ಅದು ಒದ್ದೆಯಾಗಿರುವಾಗ ಬಿರುಸಾಗಿ ಎಳೆದರೆ ಬಿಸಿ ಹಬೆ ನೇರವಾಗಿ ನಾಲಿಗೆಗೆ ಬಡಿಯುತ್ತದೆ.

ಫ್ಲೇಕನ್ನು ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸಿ, ಕಾಗದದ ಮೇಲೆ ಅರ್ಧ ಗಂಟೆ ಹರವಿಡಿ. ಬೆರಳುಗಳ ನಡುವೆ ಒತ್ತಿ ಬಿಟ್ಟಾಗ ಅದು ಮುದ್ದೆಯಾಗಿ ನಿಲ್ಲದೆ, ಪುಡಿಯಾಗಿಯೂ ಉದುರದೆ, ಮೆಲ್ಲಗೆ ಬಿಚ್ಚಿಕೊಂಡರೆ ಹದ ಸರಿಯಾಗಿದೆ. ತಳದಲ್ಲಿ ಸಡಿಲವಾಗಿ, ಮೇಲೆ ತುಸು ಬಿಗಿಯಾಗಿ ತುಂಬಿ. ಮೊದಲ ಕಡ್ಡಿಗೆ ಎಳೆಗಳು ಸುರುಳಿಯಾಗಿ ಮೇಲೇಳುತ್ತವೆ. ಅವನ್ನು ಹಗುರವಾಗಿ ಒತ್ತಿ ಮತ್ತೊಮ್ಮೆ ಹೊತ್ತಿಸಿ.

ಮಣ್ಣಿನ ಪೈಪು ಹಿಂದಿನ ತಂಬಾಕಿನ ವಾಸನೆ ಉಳಿಸಿಕೊಳ್ಳದ ಕಾರಣ ಎಲೆಯ ನಿಜವಾದ ರುಚಿ ಅದರಲ್ಲೇ ತಿಳಿಯುತ್ತದೆ, ಆದರೆ ಬಟ್ಟಲು ಬೇಗ ಕಾಯುವುದರಿಂದ ನಳಿಗೆಯನ್ನೇ ಹಿಡಿಯಬೇಕು. ಮೀರ್ಶಾಮ್ ಎಂಬ ಮೆದುವಾದ ಬಿಳಿ ಖನಿಜದ ಪೈಪು ತೇವವನ್ನು ಹೀರಿಕೊಳ್ಳುತ್ತದೆ. ಮೆಕ್ಕೆಜೋಳದ ದಿಂಡಿನ ಪೈಪು ಅಗ್ಗ, ಕಲಿಯುವವರಿಗೆ ನಾನು ಹೇಳುವುದು ಅದನ್ನೇ. ಬ್ರಯರ್‌ಗೆ ಸೇದಿದ ಮೇಲೆ ಒಂದು ದಿನವಾದರೂ ಒಣಗಲು ಬಿಡುವು ಕೊಡಿ. ಇದರಿಂದ ಉರಿ ತಗ್ಗುತ್ತದೆಯೇ ಹೊರತು ತಂಬಾಕಿನ ಹಾನಿಯಲ್ಲ.