ಚೆನ್ನಮ್ಮನ ಸೈನಿಕ ಏನು ಉಂಡ?

ಓದುಗರ ಪತ್ರ (ಸ್ವಲ್ಪ ಚಿಕ್ಕದು ಮಾಡಿದ್ದೇವೆ): "ಸಂಪಾದಕರಿಗೆ ನಮಸ್ಕಾರ. ನಾವು ತೀರ್ಥಹಳ್ಳಿ, ಹೊಸನಗರ ಕಡೆಯ ಗೆಳೆಯರ ಗುಂಪು. ನಾನೂ ಸೇರಿ ನಾಲ್ವರು ಹುಡುಗಿಯರಿದ್ದೇವೆ. ಹೊರದೇಶಗಳಲ್ಲಿ ಜನ ಹಳೇ ಕಾಲದ ಬಟ್ಟೆ ತೊಟ್ಟು, ಹಳೇ ಯುದ್ಧಗಳನ್ನು ಬಯಲಿನಲ್ಲಿ ಆಡಿ ತೋರಿಸುವ ವಿಡಿಯೋ ನೋಡಿ ನಮಗೂ ಆಸೆಯಾಗಿದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದಕ್ಕೆ ಮೊಘಲರು ಕೆಳದಿ ಚೆನ್ನಮ್ಮನ ಮೇಲೆ ದಂಡೆತ್ತಿ ಬಂದರಲ್ಲ, ಅದನ್ನು ಕವಲೇದುರ್ಗದಲ್ಲಿ ಮಾಡೋಣ ಅಂತಿದ್ದೇವೆ. ಬಟ್ಟೆ, ಕತ್ತಿ ಎಲ್ಲ ನಾಟಕದ ಸಾಮಾನು ಬಾಡಿಗೆಗೆ ಕೊಡುವವರಿಂದ ತರುತ್ತೇವೆ. ಆದರೆ ಮೊಘಲ್ ಸೈನಿಕನಾಗಲು ಯಾರೂ ಒಪ್ಪುತ್ತಿಲ್ಲ. ನಮ್ಮಲ್ಲಿ ಒಬ್ಬಳು ಚೆನ್ನಮ್ಮ, ಉಳಿದ ಮೂವರು ಆರತಿ ತಟ್ಟೆ ಹಿಡಿಯಬೇಕಂತೆ. ಇದು ಚೆನ್ನಾಗಿ ಆದರೆ ಮುಂದಿನ ವರ್ಷ ಈಸೂರಿನ ಹೋರಾಟ. ಮನೆಯಲ್ಲಿ 'ಬಣ್ಣ ಹಚ್ಚೋ ಹುಚ್ಚು' ಅಂತಾರೆ. ಹೌದಾ? ಇನ್ನೊಂದು, ನಮ್ಮ ಗೆಳೆಯನೊಬ್ಬನಿಗೆ ಕನ್ನಡಕ ಇಲ್ಲದಿದ್ದರೆ ಏನೂ ಕಾಣಲ್ಲ. ಅದಕ್ಕೇನು ಮಾಡೋದು?"

ಸಂಪಾದಕರ ಉತ್ತರ:

ಹುಚ್ಚು ಹೌದು. ಮನೆಯವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಈ ಹುಚ್ಚಿಗೆ ಸಾಕಷ್ಟು ವಯಸ್ಸಾಗಿದೆ. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಅಲ್ಲಿನ ದೊಡ್ಡ ಜಮೀನ್ದಾರನೊಬ್ಬ ಮಧ್ಯಯುಗದ ಕುದುರೆ ಕಾಳಗ ಏರ್ಪಡಿಸಿದ. ಉಕ್ಕಿನ ಕವಚ ತೊಟ್ಟ ಸರದಾರರು, ಬಾವುಟ, ಮೆರವಣಿಗೆ, ನೋಡಲು ಊರೂರಿಂದ ಬಂದ ಜನ. ಎಲ್ಲ ಸಿದ್ಧವಾಗಿ ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಬಯಲೆಲ್ಲ ಕೆಸರು. ವೀರರ ಮೆರವಣಿಗೆಯ ನಡುವೆ ಕೊಡೆಗಳು ಬಿಚ್ಚಿಕೊಂಡವು. ದೇಶವೆಲ್ಲ ನಕ್ಕಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಕೂತು ಯೋಜನೆ ಹಾಕುತ್ತಿರುವ ನಿಮಗೆ ಈ ಕತೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ.

ಈಗ ನೀವು ವಿಡಿಯೋದಲ್ಲಿ ನೋಡಿದ ಬಗೆಯ ಹವ್ಯಾಸ ಹೆಚ್ಚಾಗಿ 1960ರ ದಶಕದಲ್ಲಿ ಬೆಳೆದದ್ದು. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ಕೆಲವು ಗೆಳೆಯರು ಸೇರಿ ಕತ್ತಿವರಸೆ ಆಡಿದ್ದೇ ಮುಂದೆ ದೊಡ್ಡ ಸಂಘವಾಯಿತು. ಅವರು ಇವತ್ತಿಗೂ ಬೆತ್ತದ ಕತ್ತಿಯಲ್ಲೇ ಹೊಡೆದಾಡುತ್ತಾರೆ. (ನಮ್ಮ ಕಡೆ ಬೆತ್ತಕ್ಕೇನು ಬರ ಎಂದು ಕಾಡಿಗೆ ನುಗ್ಗಬೇಡಿ. ಅರಣ್ಯ ಇಲಾಖೆಯವರಿಗೆ ಇತಿಹಾಸದ ಕಾರಣ ಹೇಳಿದರೆ ನಡೆಯಲ್ಲ.) ಎರಡು ವರ್ಷದ ಮೇಲೆ, 1968ರಲ್ಲಿ, ಇಂಗ್ಲೆಂಡಿನಲ್ಲಿ ಸೀಲ್ಡ್ ನಾಟ್ ಎಂಬ ಸಂಘ ಶುರುವಾಯಿತು. ಹದಿನೇಳನೇ ಶತಮಾನದಲ್ಲಿ ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ನಡೆದ ಅಂತರ್ಯುದ್ಧವನ್ನು ಆಡುವುದೇ ಅವರ ಕೆಲಸ. ಅಂದರೆ ಹೆಚ್ಚು ಕಡಿಮೆ ನಮ್ಮ ಕೆಳದಿಯ ಶಿವಪ್ಪನಾಯಕನ ಕಾಲದ ಜಗಳ.

ನಿಮ್ಮ ಮೊಘಲ್ ಸೈನಿಕನ ತೊಂದರೆಗೆ ಉತ್ತರ ಅವರ ಹತ್ತಿರವೇ ಇದೆ. ಆ ಸಂಘದೊಳಗೇ ಎರಡೂ ಸೈನ್ಯಗಳಿವೆ. ಅಮೆರಿಕದ ಅಂತರ್ಯುದ್ಧ ಆಡುವವರಲ್ಲಿ ಇನ್ನೂ ಒಂದು ರೂಢಿ ಇದೆ. ಒಂದು ಕಡೆ ಜನ ಕಡಿಮೆ ಬಿದ್ದರೆ, ಎದುರು ಕಡೆಯವರೇ ಕೋಟು ಬದಲಿಸಿ ಈ ಕಡೆಗೆ ಬರುತ್ತಾರೆ. ಹಲವರು ಎರಡೂ ಬಣ್ಣದ ಸಮವಸ್ತ್ರ ಇಟ್ಟುಕೊಂಡಿರುತ್ತಾರೆ. ನೀವೂ ಚೀಟಿ ಎತ್ತಿ. ಶನಿವಾರ ಕೆಳದಿಯವನಾಗಿದ್ದವನು ಭಾನುವಾರ ಮೊಘಲ್ ಸೈನಿಕ. ಇದಕ್ಕೆ ಒಪ್ಪದವನು ಬೇಡ. ನೇರವಾಗಿ ಹೇಳುತ್ತೇನೆ, ಎದುರಾಳಿಯ ವೇಷ ತೊಡಲು ಮನಸ್ಸಿಲ್ಲದ ಗುಂಪು ಆಡುವುದು ಇತಿಹಾಸ ಅಲ್ಲ, ಇವತ್ತಿನ ಜಗಳ. ಅದಕ್ಕೆ ನಾಯಕರ ಕಾಲದ ಬಟ್ಟೆ ಯಾಕೆ? ಕೆಳದಿಯವರ ಇತಿಹಾಸವೂ ಅಷ್ಟು ನೇರ ಗೆರೆಯದ್ದಲ್ಲ. ವಿಜಯನಗರದ ಸಾಮಂತರಾಗಿ ಬೆಳೆದವರು. ಬಿಜಾಪುರದವರ ಜತೆ ಕಾದಾಡಿದರು, ಅವರಿಗೇ ಕಪ್ಪವನ್ನೂ ಕೊಟ್ಟರು. ಪೋರ್ಚುಗೀಸರ ಜತೆ ಒಮ್ಮೆ ವ್ಯಾಪಾರ, ಒಮ್ಮೆ ಯುದ್ಧ.

ಇನ್ನು ನನಗೆ ಮುಖ್ಯ ಅನಿಸಿದ ಮಾತು. ನೀವು ಯುದ್ಧದಿಂದ ಯಾಕೆ ಶುರು ಮಾಡುತ್ತೀರಿ?

ಚೆನ್ನಮ್ಮ ಆಳಿದ್ದು ಸುಮಾರು 1671ರಿಂದ 1697ರವರೆಗೆ. 1689ರಲ್ಲಿ ರಾಜಾರಾಮ ಬಂದ, ತಮಿಳು ಸೀಮೆಯ ಜಿಂಜಿ ಕೋಟೆಗೆ ಹೋಗಲು ರಾಣಿ ದಾರಿ ಮಾಡಿಕೊಟ್ಟಳು, ಮೊಘಲ್ ಸೈನ್ಯ ಬಂತು, ಕಾಳಗವಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆಡಲು ಇಳಿದ ಕೂಡಲೇ ಬೇರೆ ಪ್ರಶ್ನೆಗಳು ಬರುತ್ತವೆ. ಕವಲೇದುರ್ಗದ ಬಾಗಿಲಲ್ಲಿ ನಿಂತ ಕಾವಲಿನವನ ಕಾಲಲ್ಲಿ ಏನಿತ್ತು? ಮಳೆಯಲ್ಲಿ ಅವನು ಏನು ಹೊದ್ದ? ಕೋವಿಯ ಬತ್ತಿ ಒದ್ದೆಯಾಗದಂತೆ ಹೇಗೆ ನೋಡಿಕೊಂಡ? ರಾತ್ರಿ ಏನು ಉಂಡ, ಯಾರು ಬೇಯಿಸಿದರು, ಅಕ್ಕಿಯನ್ನು ಆ ಗುಡ್ಡದ ಮೇಲಕ್ಕೆ ಹೊತ್ತವರು ಯಾರು? ಈ ಹವ್ಯಾಸದ ಮಜಾ ಇರುವುದೇ ಇಲ್ಲಿ. ಕತ್ತಿ ಬೀಸುವುದು ಐದು ನಿಮಿಷದ ಕೆಲಸ. ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಊಟದಿಂದ ಶುರು ಮಾಡಿ. ಟೊಮ್ಯಾಟೊ, ಆಲೂಗಡ್ಡೆ ಪೂರ್ತಿ ಹೊರಗೆ. ಕಾಫಿ, ಟೀ ಕೂಡ. ಇದೇ ನಿಮಗೆ ಯುದ್ಧಕ್ಕಿಂತ ಕಷ್ಟವಾಗಬಹುದು. ಒಣಮೆಣಸಿನಕಾಯಿ ಪೋರ್ಚುಗೀಸರ ಜತೆ ಸಮುದ್ರ ದಾಟಿ ಬಂದದ್ದು. ಚೆನ್ನಮ್ಮನ ಕಾಲಕ್ಕೆ ಗಟ್ಟದ ಮೇಲಿನ ಪ್ರತಿ ಅಡುಗೆಮನೆಗೂ ಬಂದಿತ್ತೋ ಇಲ್ಲವೋ ಎಂದು ವಾದ ಮಾಡುತ್ತ ಕೂರುವ ಬದಲು ಕಾಳುಮೆಣಸು ಹಾಕಿ. ಅದು ಈ ಮಣ್ಣಿನದೇ. ಅದಕ್ಕಾಗಿಯೇ ಅಲ್ವಾ ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಸುತ್ತಿದ್ದು? ಅವಲಕ್ಕಿ, ಬೆಲ್ಲ, ಹುರುಳಿ, ಕೆಂಪಕ್ಕಿ, ಹುಣಸೆ ಅಥವಾ ಉಪ್ಪಾಗೆ ಹುಳಿ. ಮಳೆಗಾಲ ಶುರುವಾಗುವ ಹೊತ್ತಾದರೆ ಕಳಲೆ, ಕೆಸುವಿನ ಸೊಪ್ಪು. ಚೆನ್ನಮ್ಮನ ದತ್ತುಮಗ ಬಸವಪ್ಪನಾಯಕ ಸಂಸ್ಕೃತದಲ್ಲಿ 'ಶಿವತತ್ತ್ವರತ್ನಾಕರ' ಎಂಬ ದೊಡ್ಡ ವಿಶ್ವಕೋಶ ಬರೆದಿದ್ದಾನೆ. ಅದರಲ್ಲಿ ಅಡುಗೆಯ ವಿಷಯವೂ ಬರುತ್ತದೆ. ಅದು ರಾಜನ ಊಟ, ಸೈನಿಕನದಲ್ಲ ಎಂಬುದು ನೆನಪಿರಲಿ. ಕವಲೇದುರ್ಗದ ಅರಮನೆಯ ಅವಶೇಷದಲ್ಲಿ ಕಲ್ಲಿನ ಒಲೆ ಇನ್ನೂ ಇದೆ. ನೋಡಿ, ಅಳತೆ ತೆಗೆದುಕೊಳ್ಳಿ. ಅದರಲ್ಲಿ ಬೆಂಕಿ ಹಾಕಲು ಮಾತ್ರ ಹೋಗಬೇಡಿ. ನಿಮ್ಮ ಹಿತ್ತಲಿನಲ್ಲೇ ಮೂರು ಕಲ್ಲು ಹೂಡಿ.

ಬಟ್ಟೆ. ಬಾಡಿಗೆ ಅಂಗಡಿಯ ಮಿರಮಿರ ಮಿಂಚುವ ಅಂಗಿ, ರಟ್ಟಿನ ಕಿರೀಟ ದಯವಿಟ್ಟು ಬೇಡ. ನಾಟಕಕ್ಕೆ ಅದು ಸರಿ. ದೂರದಲ್ಲಿ ಕೂತವರಿಗೆ ದೀಪದ ಬೆಳಕಿನಲ್ಲಿ ಕಾಣಬೇಕು. ಯಕ್ಷಗಾನದ ವೇಷವಂತೂ ಬೇರೆಯದೇ ಲೋಕ, ಅಲ್ಲಿ ಯಾರೂ ಶತಮಾನ ಕೇಳುವುದಿಲ್ಲ. ನಿಮ್ಮದು ಹಾಗಲ್ಲ. ಎರಡು ದಿನ ತೊಟ್ಟು, ಬೆವರಿ, ಅದರಲ್ಲೇ ಮಲಗಿ ಏಳಬೇಕಾದ ಬಟ್ಟೆ. ಕೈಮಗ್ಗದ ಹತ್ತಿ ಬಟ್ಟೆ ತನ್ನಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ 'ಚರಕ'ದವರು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ನೀವೇ ಬಣ್ಣ ಹಾಕುವುದಾದರೆ ಅಡಿಕೆ ಬೇಯಿಸಿದ ಚೊಗರು ನಿಮ್ಮ ಮನೆಯಲ್ಲೇ ಇರುತ್ತದೆ. ಅಂಗಿಗೆ ಬಿದ್ದರೆ ಹೋಗುವುದಿಲ್ಲ ಎಂದು ಅಮ್ಮಂದಿರು ಬೈಯುವ ಅದೇ ಚೊಗರು.

ಉಡುಗೆ ಹೇಗಿತ್ತು ಎಂದು ತಿಳಿಯಲು ಕಲ್ಲುಗಳನ್ನು ನೋಡಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ದೇವರಿಗೆ ಎದುರಾಗಿ ನೆಲದ ಮೇಲೆ ಅಡ್ಡಬಿದ್ದ ಮೂವರು ನಾಯಕರ ಉಬ್ಬುಚಿತ್ರಗಳಿವೆ. ಎಷ್ಟೋ ಜನ ಕಾಣದೆ ದಾಟಿ ಹೋಗುತ್ತಾರೆ. ಕೆಳದಿಯ ಮ್ಯೂಸಿಯಂನಲ್ಲಿ ಆಯುಧಗಳೂ ತಾಳೆಗರಿಗಳೂ ಇವೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ. ಆದರೆ ಇಲ್ಲಿ ಎಡವಬೇಡಿ. ನಮ್ಮ ಜಿಲ್ಲೆಯ ಎಷ್ಟೋ ವೀರಗಲ್ಲುಗಳು ಚಾಲುಕ್ಯರ, ಹೊಯ್ಸಳರ ಕಾಲದವು. ಬಳ್ಳಿಗಾವಿ ಕಲ್ಲಿನ ಮೇಲಿನ ವೀರನಿಗೂ ಚೆನ್ನಮ್ಮನ ಸೈನಿಕನಿಗೂ ಸುಮಾರು ಆರು ನೂರು ವರ್ಷದ ಅಂತರ. ಅಷ್ಟು ವರ್ಷದಲ್ಲಿ ಕೋವಿಯೇ ಬಂದುಬಿಟ್ಟಿದೆ.

ಮಳೆಗೆ ಕಂಬಳಿ ಕೊಪ್ಪೆ, ಗೊರಬು. ಇವಕ್ಕೆ ಪುಸ್ತಕ ಬೇಡ. ಊರಿನ ಎಂಬತ್ತು ದಾಟಿದ ಅಜ್ಜಂದಿರನ್ನು ಕೇಳಿ. ಕಂಬಳಿಯನ್ನು ಯಾವ ಮೂಲೆಯಿಂದ ಮಡಚಿದರೆ ನೀರು ಬೆನ್ನಿಗೆ ಇಳಿಯುವುದಿಲ್ಲ ಎಂದು ಅವರ ಕೈಗೆ ಗೊತ್ತು. ಅದನ್ನು ಅವರಿಂದ ಕಲಿತು, ಅದರಲ್ಲೇ ಒಂದು ಇಡೀ ದಿನ ಮಳೆಯಲ್ಲಿ ನಡೆದು ನೋಡಿ. ಬರಿಗಾಲಲ್ಲಿ ನಡೆಯುವುದಾದರೆ ಇಂಬಳಕ್ಕೆ ಸುಣ್ಣ ಇಟ್ಟುಕೊಳ್ಳಿ. ಅದಂತೂ ಇತಿಹಾಸಕ್ಕೆ ಸರಿಯಾಗಿಯೇ ಕಚ್ಚುತ್ತದೆ.

ನಡಿಗೆ ಅಂದಾಗ ನೆನಪಾಯಿತು. 1660ರಲ್ಲಿ ಶಿವಾಜಿ ಪನ್ಹಾಳದಿಂದ ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೋದ ದಾರಿಯಲ್ಲಿ ಮಹಾರಾಷ್ಟ್ರದ ಹುಡುಗರು ಇವತ್ತಿಗೂ ಮಳೆಗಾಲದಲ್ಲಿ ನಡೆಯುತ್ತಾರೆ. ಕತ್ತಿ ಇಲ್ಲ, ಕಾಳಗ ಇಲ್ಲ, ಕೆಸರು ಮಾತ್ರ. ನಮಗೂ ಅಂಥ ದಾರಿ ಇದೆ. ಬಿದನೂರಿನಿಂದ, ಅಂದರೆ ಈಗಿನ ನಗರದಿಂದ, ಹೊಸಂಗಡಿ ಗಟ್ಟ ಇಳಿದು ಬಸ್ರೂರು, ಕುಂದಾಪುರದ ಕಡೆಗೆ. ಅಕ್ಕಿ, ಕಾಳುಮೆಣಸಿನ ವ್ಯಾಪಾರದ ಸೀಮೆ ಅದು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕೂಡ ಆ ಗಟ್ಟ ಹತ್ತಿಯೇ ಬಿದನೂರು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಬಿಡಿಸಿಕೊಂಡ. ಬೆನ್ನ ಮೇಲೆ ಅಕ್ಕಿ ಮೂಟೆ ಹೊತ್ತು ಆ ಗಟ್ಟ ಇಳಿದು ನೋಡಿ. ಬೇಡ, ಅರ್ಧ ಮೂಟೆ ಸಾಕು.

ನನ್ನ ಆಸೆ ಇನ್ನೊಂದಿದೆ. ಶಿವಪ್ಪನಾಯಕನ ಶಿಸ್ತನ್ನು, ಅಂದರೆ ಆತನ ಕಂದಾಯದ ಪದ್ಧತಿಯನ್ನು, ಯಾರಾದರೂ ಆಡಿ ತೋರಿಸಬೇಕು. ನಗಬೇಡಿ. ಊರೂರಿನಲ್ಲೂ ಬೇರೆ ಬೇರೆ ಬಗೆಯ ಒಂದೊಂದು ಗದ್ದೆಯನ್ನು ಆತ ಕೆಲವು ವರ್ಷ ಸರ್ಕಾರದಿಂದಲೇ ಬೆಳೆಸಿದ. ಬೀಜ ಎಷ್ಟು, ಖರ್ಚು ಎಷ್ಟು, ಫಸಲು ಎಷ್ಟು ಎಂದು ಬರೆಸಿದ. ಸರಾಸರಿ ತೆಗೆದು ಮೂರರಲ್ಲಿ ಒಂದು ಪಾಲನ್ನು ಕಂದಾಯವೆಂದು ಗೊತ್ತು ಮಾಡಿದ. ಅವನ ಹೆಸರು ಇವತ್ತಿಗೂ ಉಳಿದಿರುವುದು ಗೆದ್ದ ಕೋಟೆಗಳಿಗಿಂತ ಈ ಲೆಕ್ಕದಿಂದ. ನಿಮ್ಮಲ್ಲಿ ಯಾರದಾದರೂ ಗದ್ದೆ ಇದ್ದೇ ಇರುತ್ತದೆ. ಕೊಯ್ಲಿನ ಹೊತ್ತಿಗೆ ಒಬ್ಬರು ಶಾನುಭೋಗರಾಗಿ, ಒಬ್ಬರು ಕೊಳಗ ಹಿಡಿದು ಅಳೆಯಿರಿ, ಉಳಿದವರು ರೈತರಾಗಿ. ಫಸಲು ಬರಲಿಲ್ಲ, ಕಾಡುಹಂದಿ ತಿಂದಿತು ಎಂದು ತಕರಾರು ತೆಗೆಯುವ ಪಾತ್ರಕ್ಕೆ ನಮ್ಮ ಸೀಮೆಯಲ್ಲಿ ತರಬೇತಿ ಕೊಡಬೇಕಾ? ಮೊಘಲ್ ಸೈನಿಕನಾಗಲು ಒಲ್ಲದವರೂ ಇದಕ್ಕೆ ಓಡಿ ಬರುತ್ತಾರೆ.

ಆರತಿ ತಟ್ಟೆಯ ವಿಷಯ. ಅದನ್ನು ಕೆಳಗಿಡಿ. 1989ರಲ್ಲಿ ಅಮೆರಿಕದ ಆ್ಯಂಟೀಟಮ್ ರಣಭೂಮಿಯಲ್ಲಿ ನಡೆದ ಇಂಥದ್ದೇ ಕಾರ್ಯಕ್ರಮದಲ್ಲಿ ಗಂಡು ಸೈನಿಕನ ವೇಷ ತೊಟ್ಟಿದ್ದ ಒಬ್ಬ ಹೆಣ್ಣುಮಗಳನ್ನು ಅಧಿಕಾರಿಗಳು ಹೊರಗೆ ಹಾಕಿದರು. ಆಕೆ ಕೋರ್ಟಿಗೆ ಹೋದಳು, 1993ರಲ್ಲಿ ಗೆದ್ದಳು. ಅಮೆರಿಕದ ಅಂತರ್ಯುದ್ಧದಲ್ಲಿ ಗಂಡಿನ ವೇಷದಲ್ಲಿ ಹೆಂಗಸರು ನಿಜವಾಗಿಯೂ ಹೋರಾಡಿದ್ದರು ಎಂಬುದಕ್ಕೆ ದಾಖಲೆ ಇತ್ತು. ನಮಗೂ ಒಂದು ಸಾಕ್ಷಿ ಇದೆ, ಯುದ್ಧದ್ದಲ್ಲ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಬೀದಿಯಲ್ಲಿ ಹುಡುಗಿಯರ ಗುಂಪು ಬಣ್ಣದ ಕೋಲುಗಳನ್ನು ತಾಳಕ್ಕೆ ಬಡಿಯುತ್ತ, ಹಾಡುತ್ತ ಹೋದದ್ದನ್ನು ಬರೆದಿಟ್ಟಿದ್ದಾನೆ. ಅದೇ ಪ್ರಯಾಣದಲ್ಲಿ, ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದದ್ದನ್ನೂ ನಿಂತು ನೋಡಿದ್ದಾನೆ. ಈ ಎರಡು ದೃಶ್ಯ ಮಾಡಿ. ಕಣ್ಣಾರೆ ಕಂಡವನ ಬರಹ ಕೈಯಲ್ಲಿರುವಾಗ ಊಹೆಯ ಯುದ್ಧ ಯಾಕೆ? ಸೈನಿಕರಾಗಲೇಬೇಕು ಅಂತಿದ್ದರೆ ಅದನ್ನೂ ಆಗಿ. ಹುಡುಗರು ಬೇಯಿಸಲಿ.

ಈಸೂರು ಮಾತ್ರ ಈಗಲೇ ಬೇಡ. 1942ರ ಸ್ವಾತಂತ್ರ್ಯ ಹೋರಾಟದ ಘಟನೆ ಅದು. ಇಬ್ಬರು ಅಧಿಕಾರಿಗಳು ಸತ್ತರು, 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ, ಎರಡೂ ಕಡೆಯವರು. ಬೇರೆ ಊರಿನವರು ಹೋಗಿ ಅವರ ಅಂಗಳದಲ್ಲಿ ಅವರ ಅಜ್ಜನ ಸಾವನ್ನು ಆಡುವುದು ಹೇಗೆ? ಇಂಗ್ಲೆಂಡಿನ ಆರ್ಗ್ರೀವ್‌ನಲ್ಲಿ 1984ರಲ್ಲಿ ಗಣಿ ಕಾರ್ಮಿಕರಿಗೂ ಪೊಲೀಸರಿಗೂ ನಡೆದ ಘರ್ಷಣೆಯನ್ನು 2001ರಲ್ಲಿ ಮರಳಿ ಆಡಿದಾಗ, ಅದರಲ್ಲಿ ಆಗಿನ ಗಣಿ ಕಾರ್ಮಿಕರೇ ಪಾಲ್ಗೊಂಡರು. ಕೆಲವರು ಪೊಲೀಸರ ಕಡೆ ನಿಂತರು. ಅಂಥದ್ದು ಆಗಬಹುದು, ಆದರೆ ಊರಿನವರೇ ಕರೆಯಬೇಕು. ನೀವು ಹೋಗಿ ಕೂತು ಕೇಳಿಸಿಕೊಂಡು ಬನ್ನಿ, ಅಷ್ಟು ಸಾಕು.

ಅನುಮತಿಯ ಮಾತು ಬೇಗ ಮುಗಿಸುತ್ತೇನೆ. ಕೋಟೆ, ದೇವಸ್ಥಾನ ರಕ್ಷಿತ ಸ್ಮಾರಕವಾಗಿದ್ದರೆ ಅಲ್ಲಿ ಕಾರ್ಯಕ್ರಮ ಮಾಡಲು ಪುರಾತತ್ತ್ವ ಇಲಾಖೆಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಬಾಗಿಲಲ್ಲಿರುವ ಬೋರ್ಡು ಯಾವ ಇಲಾಖೆಯದು ಎಂದು ನೋಡಿಕೊಂಡು ಅರ್ಜಿ ಹಾಕಿ. ಸ್ಟೇಷನ್ನಿಗೂ ತಿಳಿಸಿ. ಹರಿತದ ಕತ್ತಿ ಬೇಡವೇ ಬೇಡ, ಮರದ್ದೇ ಇರಲಿ. ಅಪ್ಪನ ಲೈಸೆನ್ಸ್ ಕೋವಿ ಮನೆಯಲ್ಲೇ ಇರಲಿ. ಮದ್ದು, ಪಟಾಕಿ ಹತ್ತಿರಕ್ಕೂ ತರಬೇಡಿ. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಒಂದು ಕಿಡಿ ಸಾಕು.

ಕನ್ನಡಕದ ಗೆಳೆಯನಿಗೆ ಹೇಳಿ, ಹಾಕಿಕೊಂಡೇ ಬರಲಿ. ಕವಲೇದುರ್ಗದ ಹಾಸುಗಲ್ಲು ಪಾಚಿ ಕಟ್ಟಿ ಜಾರುತ್ತದೆ. ಅವನನ್ನು ಶಾನುಭೋಗ ಮಾಡಿ, ಕೂತು ಬರೆಯುವ ಕೆಲಸ. ಮೊಬೈಲ್ ಒಬ್ಬರ ಚೀಲದಲ್ಲಿ ಒಂದು ಇರಲಿ, ಚಾರ್ಜ್ ಮಾಡಿ. ಕೊಯ್ಲಿನ ಅಳತೆ ಯಾವತ್ತು ಇಟ್ಟುಕೊಳ್ಳುತ್ತೀರಿ ಎಂದು ಒಂದು ಸಾಲು ಬರೆಯಿರಿ. ತಕರಾರು ತೆಗೆಯುವ ರೈತರ ಸಾಲಿನಲ್ಲಿ ನನಗೂ ಒಂದು ಜಾಗ ಇಡಿ.