ಓದು ಹೆಚ್ಚಿದರೂ ಸಂಬಳದ ಅಂತರವೇಕೆ ಇಳಿಯಲಿಲ್ಲ?

ಪಿಯುಸಿ ಫಲಿತಾಂಶ ಬಂದಾಗಿನಿಂದ ಕಾಲೇಜು ಪ್ರವೇಶ ಮುಗಿಯುವವರೆಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಅವುಗಳ ಹಿಂದಿರುವ ತಪ್ಪು ತಿಳಿವಳಿಕೆಯನ್ನು ನಂಬಿ ಕುಟುಂಬಗಳು ಸಾಲಕ್ಕೆ ಬೀಳುವುದನ್ನು ಕಂಡು ಬೇಸತ್ತು ಈ ವಾರ ಅವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಇಪ್ಪತ್ತು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಪದವೀಧರರು ಬೆರಳೆಣಿಕೆಯಷ್ಟಿದ್ದರು, ಈಗ ಮನೆಗೊಬ್ಬರಿದ್ದಾರೆ. ಎಲ್ಲರೂ ಓದಿದರೆ ಸಂಬಳದ ಅಂತರ ತಾನಾಗಿ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಹಾಗೇಕೆ ಆಗಲಿಲ್ಲ?

ಉತ್ತರ: ಇದರಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಓದಿದವರಿಗೆ ಓದದವರಿಗಿಂತ ಎಷ್ಟು ಹೆಚ್ಚು ಸಿಗುತ್ತದೆ ಎಂಬುದು ಒಂದು, ಓದು ಸಮಾಜದಲ್ಲಿ ಹರಡಿದಾಗ ಸಂಬಳಗಳ ನಡುವಿನ ಅಂತರ ಏನಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ದೊಡ್ಡ ತಕರಾರಿಲ್ಲ. ಇಂಡೊನೇಷ್ಯಾ ಸರ್ಕಾರ 1973ರಿಂದ 1978ರ ನಡುವೆ ಸುಮಾರು 61,000 ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ಆ ಶಾಲೆಗಳಿಂದ ಹೆಚ್ಚು ಓದಿದ ಮಕ್ಕಳ ಮುಂದಿನ ಗಳಿಕೆಯನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ, ಓದಿನ ಒಂದೊಂದು ವರ್ಷಕ್ಕೆ ಶೇ 6.8ರಿಂದ 10.6ರವರೆಗೆ ಪ್ರತಿಫಲವಿದೆ ಎಂದು 2001ರಲ್ಲಿ ತೋರಿಸಿದರು.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ನೇರವಾಗಿಲ್ಲ. ಪದವಿಗೆ ಸಿಗುವ ಹೆಚ್ಚುವರಿ ಸಂಬಳವೂ ಒಂದು ಬೆಲೆಯೇ ಆಗಿರುವುದರಿಂದ, ಪದವೀಧರರ ಸಂಖ್ಯೆ ಎಷ್ಟು ವೇಗವಾಗಿ ಬೆಳೆಯುತ್ತದೆ ಮತ್ತು ತಂತ್ರಜ್ಞಾನ ಅವರನ್ನು ಎಷ್ಟು ವೇಗವಾಗಿ ಬೇಡುತ್ತದೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಇದು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಎಪ್ಪತ್ತರ ದಶಕದಲ್ಲಿ ಮುಂದಿಟ್ಟ ವಾದ. ಅಮೆರಿಕದಲ್ಲಿ ಅದೇ ದಶಕದಲ್ಲಿ ಕಾಲೇಜು ಮುಗಿಸಿದವರು ಒಮ್ಮೆಲೇ ಹೆಚ್ಚಿದ್ದರಿಂದ ಪದವಿಯ ಬೆಲೆ ಇಳಿಯಿತು. ಎಂಬತ್ತರ ದಶಕದಲ್ಲಿ ಪದವೀಧರರ ಬೆಳವಣಿಗೆ ನಿಧಾನವಾಗಿ, ಕಂಪ್ಯೂಟರ್ ಕಚೇರಿಗಳಿಗೆ ಬಂದಾಗ ಅದು ಏರಿತು. ಆದರೆ ಎಲ್ಲವನ್ನೂ ಕಂಪ್ಯೂಟರಿನ ತಲೆಗೆ ಕಟ್ಟುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ವೇತನ 1981ರಿಂದ 1990ರ ಆರಂಭದವರೆಗೆ ಗಂಟೆಗೆ 3.35 ಡಾಲರಿನಲ್ಲೇ ನಿಂತಿತ್ತು, ಕಾರ್ಮಿಕ ಸಂಘಗಳೂ ಸೊರಗಿದ್ದವು. ಅದೇ ಕಂಪ್ಯೂಟರ್ ಬಂದ ಫ್ರಾನ್ಸಿನಲ್ಲಿ ಕನಿಷ್ಠ ವೇತನ ಗಟ್ಟಿಯಾಗಿತ್ತು, ಅಲ್ಲಿ ಅಂತರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ.

ನಮ್ಮಲ್ಲಿ 1991ರ ನಂತರ ಸಾಫ್ಟ್‌ವೇರ್, ಬ್ಯಾಂಕಿಂಗ್‌ನಂತಹ ಕೆಲವೇ ಕ್ಷೇತ್ರಗಳು ಪದವೀಧರರಿಗೆ ಒಳ್ಳೆಯ ಸಂಬಳ ಕೊಟ್ಟವು. ಕಾಲೇಜುಗಳು ಹೆಚ್ಚಿದ ವೇಗದಲ್ಲಿ ಅಂತಹ ಕೆಲಸಗಳು ಹೆಚ್ಚಲಿಲ್ಲ. ಆದ್ದರಿಂದ ಓದಿದವರು ಮತ್ತು ಓದದವರ ನಡುವೆ ಮಾತ್ರವಲ್ಲ, ಓದಿದವರ ನಡುವೆಯೇ ದೊಡ್ಡ ಬಿರುಕು ಬಿದ್ದಿದೆ. ಒಂದೇ ಬಿ.ಇ. ಪದವಿ ಪಡೆದವರಲ್ಲಿ ಒಬ್ಬರಿಗೆ ಬೆಂಗಳೂರಿನಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಸಿಗುತ್ತದೆ, ಇನ್ನೊಬ್ಬರು ಹದಿನೈದು ಸಾವಿರಕ್ಕೆ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಈ ಬಿರುಕನ್ನು ಇನ್ನಷ್ಟು ಕಾಲೇಜು ತೆರೆದು ಮುಚ್ಚಲಾಗದು. ಪದವೀಧರರನ್ನು ಬೇಡುವ ಉದ್ಯೋಗಗಳು, ಜಾರಿಯಾಗುವ ಕನಿಷ್ಠ ವೇತನ ಮತ್ತು ಬುನಾದಿ ಗಟ್ಟಿಯಿರುವ ಸರ್ಕಾರಿ ಶಾಲೆ, ಈ ಮೂರೂ ಬೇಕು. ಮೂರನೆಯದು ಏಕೆಂದರೆ, ಯಾರಿಗೆ ಯಾವ ಕಾಲೇಜು ಎಂಬುದು ಬಹುಮಟ್ಟಿಗೆ ಹತ್ತನೆಯ ತರಗತಿಯೊಳಗೇ ತೀರ್ಮಾನವಾಗಿಬಿಟ್ಟಿರುತ್ತದೆ.

ಪ್ರಶ್ನೆ: ಓದಿದವರಲ್ಲೇ ನಿರುದ್ಯೋಗ ಹೆಚ್ಚು ಎಂದ ಮೇಲೆ ಮಗನನ್ನು ಓದಿಸುವುದು ದಂಡವಲ್ಲವೇ?

ಉತ್ತರ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿಯಂತೆ 2022ರಲ್ಲಿ ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಈ ಅಂಕಿಗಳನ್ನು ತೋರಿಸಿ ಮಕ್ಕಳನ್ನು ಶಾಲೆ ಬಿಡಿಸಲು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಓದದ ಬಡವರಿಗೆ ಕೆಲಸವಿಲ್ಲದೆ ಕಾಯುವ ಸ್ಥಿತಿಯೇ ಇರುವುದಿಲ್ಲ, ಸಿಕ್ಕ ಕೂಲಿಗೆ ಅಂದೇ ಹೋಗುತ್ತಾರೆ. ಆ ಶೇ 3.4 ಅವರ ನೆಮ್ಮದಿಯ ಅಳತೆಯಲ್ಲ.

ಪ್ರಶ್ನೆ: ಓದದವರೂ ಕೋಟ್ಯಧಿಪತಿಗಳಾಗಿದ್ದಾರಲ್ಲ?

ಉತ್ತರ: ಓದದೆ ಸೋತವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ.

ಪ್ರಶ್ನೆ: ಒಂದೇ ಪದವಿ ಇದ್ದರೆ ಜಾತಿ, ಧರ್ಮ ಲೆಕ್ಕಕ್ಕೆ ಬರುವುದಿಲ್ಲ ಅಲ್ಲವೇ?

ಉತ್ತರ: ಬರುತ್ತವೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಬಂದ ಕರೆಗಳು ಕಡಿಮೆ.

ಪ್ರಶ್ನೆ: ಯುವನಿಧಿಯಿಂದ ಈ ಅಂತರ ತಗ್ಗುತ್ತದೆಯೇ?

ಉತ್ತರ: ಇಲ್ಲ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಯೋಜನೆ ಕೆಲಸ ಹುಡುಕುವ ಕಾಲದ ಆಸರೆ. ಅರ್ಹರು ಸಂಕೋಚವಿಲ್ಲದೆ ಪಡೆಯಬೇಕು.

ಪ್ರಶ್ನೆ: ಸರಾಸರಿ ಪ್ಯಾಕೇಜ್ ಎಂಟು ಲಕ್ಷ, ಪ್ಲೇಸ್‌ಮೆಂಟ್ ಗ್ಯಾರಂಟಿ ಎಂದು ಖಾಸಗಿ ಕಾಲೇಜೊಂದು ಹೇಳುತ್ತಿದೆ. ಜಮೀನು ಅಡವಿಟ್ಟು ಸೇರಿಸಬಹುದೇ?

ಉತ್ತರ: ಬೇಡ. ಗ್ಯಾರಂಟಿ ಎಂಬ ಪದ ಬಳಸುವವರನ್ನು ನಾನು ಮೊದಲು ಅನುಮಾನಿಸುತ್ತೇನೆ, ಏಕೆಂದರೆ ನಾಲ್ಕು ವರ್ಷಗಳ ನಂತರದ ಸಂಬಳವನ್ನು ಇಂದು ಖಾತರಿಪಡಿಸಲು ಯಾರಿಗೂ ಸಾಧ್ಯವಿಲ್ಲ. ಹತ್ತು ಮಂದಿಯಲ್ಲಿ ಒಬ್ಬರಿಗೆ 53 ಲಕ್ಷ, ಉಳಿದ ಒಂಬತ್ತು ಮಂದಿಗೆ ಮೂರು ಲಕ್ಷ ಸಿಕ್ಕರೂ ಸರಾಸರಿ ಎಂಟು ಲಕ್ಷವೇ. ಆದ್ದರಿಂದ ಸರಾಸರಿಯನ್ನು ಬಿಟ್ಟು, ನಿಮ್ಮ ಮಗ ಸೇರಲಿರುವ ವಿಭಾಗದಲ್ಲಿ ಕಳೆದ ವರ್ಷ ಪ್ರವೇಶ ಪಡೆದಿದ್ದವರೆಷ್ಟು, ಕೆಲಸ ಸಿಕ್ಕವರೆಷ್ಟು, ಸಂಬಳದ ಸಾಲಿನಲ್ಲಿ ನಟ್ಟನಡುವೆ ನಿಂತ ವಿದ್ಯಾರ್ಥಿಗೆ ಸಿಕ್ಕಿದ್ದೆಷ್ಟು ಎಂದು ಲಿಖಿತವಾಗಿ ಕೇಳಿ. ಸಿಟಿಸಿ (ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಹೇಳಿದರೆ ಕೈಗೆ ಬರುವ ತಿಂಗಳ ಸಂಬಳ ಎಷ್ಟೆಂದು ಮತ್ತೆ ಕೇಳಿ. ಬೋನಸ್, ಗ್ರಾಚ್ಯುಟಿ, ಪಿಎಫ್ ಎಲ್ಲವನ್ನೂ ಅದರೊಳಗೇ ಸೇರಿಸಿರುತ್ತಾರೆ. ಆ ನಡುವಿನ ವಿದ್ಯಾರ್ಥಿಯ ಸಂಬಳದಲ್ಲಿ ಸಾಲದ ಕಂತು ಕಟ್ಟಿ ಬೆಂಗಳೂರಿನಲ್ಲಿ ಬದುಕಲು ಸಾಧ್ಯವಾಗದಿದ್ದರೆ, ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಸೀಟನ್ನು ಆರಿಸಿಕೊಳ್ಳಿ.