ಭಾವನ ಕಾರಿನ ಎಂಜಿನ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಹತ್ತದಂತೆ ಹೆಸರು, ವೃತ್ತಿ, ಮೊತ್ತಗಳನ್ನು ಬದಲಿಸಲಾಗಿದೆ.)

ಶೀಲಾ, 36 ವರ್ಷ. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೊಳಲ್ಕೆರೆ ಕಡೆಯ ಹಳ್ಳಿಯ ಗೃಹಪ್ರವೇಶಕ್ಕೆಂದು ಗಂಡನ ಅಣ್ಣನ ಡೀಸೆಲ್ ಕಾರು ಕೇಳಿ ತಂದಿದ್ದರು. ಡಾಂಬರು ಕಿತ್ತ ರಸ್ತೆಯಲ್ಲಿ ಕಲ್ಲೊಂದು ಅಡಿಗೆ ಬಡಿದು ಆಯಿಲ್ ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಸೀಳಿತು. ಮೀಟರಿನಲ್ಲಿ ಆಯಿಲ್ ಕ್ಯಾನ್ ಗುರುತಿನ ಕೆಂಪು ದೀಪ ಹತ್ತಿದರೂ ಊರು ಹತ್ತಿರವೇ ಇದೆಯಲ್ಲ ಎಂದು ಎರಡು ಮೂರು ಕಿಲೋಮೀಟರ್ ಓಡಿಸಿದರು. ಟಕಟಕ ಸದ್ದು ಜೋರಾಗಿ ಗಾಡಿ ನಿಂತಿತು. ಚಿತ್ರದುರ್ಗದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಎಂಜಿನ್ ಹೋಗೈತೆ ಮೇಡಂ, ಒಂದೂವರೆ ಲಕ್ಷ ಇಟ್ಕಳ್ರಿ" ಎಂದರು.

ಶೀಲಾ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದದ್ದು ಹನ್ನೆರಡು ದಿನ ಕಳೆದ ಮೇಲೆ. ರಾತ್ರಿ ಎರಡಕ್ಕೆ ಎಚ್ಚರ, ಮೊಬೈಲಿನಲ್ಲಿ ಎಂಜಿನ್ ವಿಡಿಯೊ, ಬೆಳಗ್ಗೆ ಊಟತಿಂಡಿ ಬೇಡ, ಶಾಲೆಯಲ್ಲಿ ಕೂಡುವ ಲೆಕ್ಕ ತಪ್ಪುವುದು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 13 ಬಂತು; 10ರಿಂದ 14 ಎಂದರೆ ಮಧ್ಯಮ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆವು, ಇಲ್ಲವೆಂದರು. (ಬಂದಿದ್ದರೆ ಕಾರಿನ ಮಾತು ಬದಿಗಿಡಬೇಕಿತ್ತು. ಟೆಲಿ-ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಕನ್ನಡದಲ್ಲೂ ಸಿಗುತ್ತದೆ.) ಗಂಡ ಸರ ಮಾರೋಣ ಎನ್ನುತ್ತಿದ್ದರು. ಭಾವನಿಗೆ ಮಾತ್ರ ಇಬ್ಬರೂ "ಸಣ್ಣ ರಿಪೇರಿ, ಗ್ಯಾರೇಜಿನಲ್ಲಿದೆ" ಎಂದಷ್ಟೇ ಹೇಳಿದ್ದರು.

ಒಂದೂವರೆ ಲಕ್ಷ ಎಂಬ ಮಾತಿನ ಸುತ್ತ ಅವರ ಇಡೀ ದಿನ ಗಿರಕಿ ಹೊಡೆಯುತ್ತಿತ್ತು. ಆದರೆ ಚೇಂಬರ್ ಬಿಚ್ಚದೆ ಹೇಳಿದ ಮೊತ್ತ ಎಸ್ಟಿಮೇಟ್ ಅಲ್ಲ. ಮುಂದೆ ಬೈಸಿಕೊಳ್ಳಬಾರದೆಂದು ಮೆಕ್ಯಾನಿಕ್ ಎತ್ತರಿಸಿ ಹೇಳುವ ಅಂದಾಜು ಅದು. ಚಿಂತೆ ಬೇಡ ಎಂದು ನಾವು ಹೇಳಲಿಲ್ಲ. ಹಾಗೆ ಹೇಳಿ ಯಾರ ಚಿಂತೆಯೂ ಬಿಟ್ಟಿಲ್ಲ. ಬದಲು, ಗೊತ್ತಿರುವುದು ಏನು, ಗೊತ್ತಿಲ್ಲದ್ದು ಏನು, ಗೊತ್ತಿಲ್ಲದ್ದನ್ನು ಕಡಿಮೆ ಖರ್ಚಿನಲ್ಲಿ ತಿಳಿಯುವ ದಾರಿ ಯಾವುದು ಎಂದು ಹಾಳೆಯ ಮೇಲೆ ಬರೆಸಿದೆವು.

ಗೊತ್ತಿದ್ದದ್ದು ಇಷ್ಟು. ಆ ಕೆಂಪು ದೀಪ ಆಯಿಲ್‌ನ ಒತ್ತಡ ಬಿದ್ದದ್ದನ್ನು ಹೇಳುತ್ತದೆ, ಮಟ್ಟವನ್ನಲ್ಲ. ಕ್ರ್ಯಾಂಕ್ (ಪಿಸ್ಟನ್ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಮತ್ತು ಅದನ್ನು ಹಿಡಿದ ಬೇರಿಂಗ್ ನಡುವಿನ ಸಂದು ಸುಮಾರು 0.05 ಮಿಲಿಮೀಟರ್, ಅಲ್ಲಿ ಆಯಿಲ್ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಮೊದಲು ಏಟು ತಿನ್ನುವುದು ಹೆಚ್ಚಾಗಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಕೆಳತುದಿಯ, ಅಂದರೆ ಬಿಗ್ ಎಂಡ್ ಬೇರಿಂಗ್. ಟಕಟಕ ಸದ್ದು ಅಲ್ಲಿಯದೇ ಇರುವ ಸಂಭವ ಹೆಚ್ಚು. ಪಿಸ್ಟನ್, ಅದು ಓಡಾಡುವ ಕೊಳವೆ (ಬೋರು), ಎಂಜಿನ್ನಿನ ಒಡಲು (ಬ್ಲಾಕ್) ಹಾಳಾಗಿವೆಯೇ ಎಂಬುದು ಬಿಚ್ಚಿದರಷ್ಟೇ ಗೊತ್ತಾಗುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೇಳಬೇಕಾದದ್ದನ್ನು ಹಂತವಾಗಿ ಬರೆದುಕೊಟ್ಟೆವು. ಸೆಲ್ಫ್ ಹೊಡೆಯಬೇಡಿ, ಬ್ಯಾಟರಿ ತಂತಿ ಕಳಚಿ. ವಿಮೆಯವರ ಸರ್ವೇಯರ್ (ಹಾನಿ ಅಂದಾಜು ಮಾಡುವವರು) ನೋಡಿ ಫೋಟೊ ತೆಗೆಯುವವರೆಗೆ ಏನನ್ನೂ ಬಿಚ್ಚಬೇಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ತಿರುಗಿದರೆ ಎಂಜಿನ್ ಪೂರ್ತಿ ಜಾಮ್ ಆಗಿಲ್ಲ. ಚೇಂಬರ್ ಇಳಿಸಿ ಆಯಿಲ್ ಹೀರುವ ಜಾಲರಿಯಲ್ಲಿ ಲೋಹದ ಹೊಳಪು ಚೂರುಗಳಿವೆಯೇ ನೋಡಿ, ಆಯಿಲ್ ಫಿಲ್ಟರ್ ಕೊಯ್ದು ಮಡಿಕೆಗಳನ್ನು ಬಿಡಿಸಿ. ಬೇರಿಂಗ್ ಕ್ಯಾಪುಗಳನ್ನು ಒಂದೊಂದಾಗಿ ತೆಗೆಯಿರಿ, ಅದಲುಬದಲಾಗದಂತೆ ನಂಬರ್ ಹಾಕಿ. ಬಹುತೇಕ ಸಣ್ಣ ಕಾರುಗಳಲ್ಲಿ ಇಷ್ಟು ಕೆಲಸ ಎಂಜಿನ್ ಇಳಿಸದೆಯೇ ಆಗುತ್ತದೆ. ಒಡೆದ ಚೇಂಬರನ್ನು ಹೇಗೂ ಬಿಚ್ಚಲೇಬೇಕು.

ಮುಂದಿನದು ಕಂಡದ್ದರ ಮೇಲೆ. ಬೇರಿಂಗ್ ಮಾತ್ರ ಸವೆದು ಕ್ರ್ಯಾಂಕ್ ನುಣುಪಾಗಿದ್ದರೆ ಬೇರಿಂಗ್ ಸೆಟ್, ಚೇಂಬರ್, ಆಯಿಲ್, ಫಿಲ್ಟರ್ ಸಾಕು. ಕ್ರ್ಯಾಂಕ್ ಮೇಲೆ ಗೀರು ಬಿದ್ದಿದ್ದರೆ ಎಂಜಿನ್ ಇಳಿಸಿ, ಮೈಕ್ರೊಮೀಟರಿನಲ್ಲಿ ಅಳೆದು 0.25 ಅಥವಾ 0.50 ಮಿ.ಮೀ. ಗ್ರೈಂಡಿಂಗ್ ಮಾಡಿಸಿ (ಅಷ್ಟು ಅರೆಸಿ) ಅದಕ್ಕೆ ಹೊಂದುವ ಅಳತೆಯ ಬೇರಿಂಗ್ ಹಾಕಬೇಕು. ಎಲ್ಲ ಮಾಡೆಲ್‌ಗಳಿಗೂ ಆ ಅಳತೆ ಸಿಗುವುದಿಲ್ಲ, ಮೊದಲೇ ವಿಚಾರಿಸಬೇಕು. ಬೋರು ಕೆತ್ತಿದ್ದರೆ ಹಾಫ್ ಎಂಜಿನ್ (ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇರುವ ಕೆಳಭಾಗ) ಬದಲಿಸುವ ಮಾತು ಬರುತ್ತದೆ. ಹಳೆಯ ಎಂಜಿನ್ ತಂದು ಕೂರಿಸುವುದಾದರೆ ಅದರ ಬಿಲ್ ಇಟ್ಟುಕೊಂಡು ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಎಂಜಿನ್ ನಂಬರ್ ಏರಿಸಬೇಕು. ಎಷ್ಟೋ ಕಡೆ ಮರೆಯುವುದು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ: ಅದೂ ಅದೇ ಆಯಿಲ್ ಮೇಲೆ ತಿರುಗುವಂಥದ್ದು. ಅದರ ಶಾಫ್ಟ್ ಅಲುಗಾಡುತ್ತದೆಯೇ ಎಂದು ನೋಡದೆ, ಆಯಿಲ್ ಕೂಲರ್ ಮತ್ತು ಪೈಪುಗಳನ್ನು ತೊಳೆಯದೆ ಜೋಡಿಸಿದರೆ ಉಳಿದ ಚೂರುಗಳು ಹೊಸ ಬೇರಿಂಗನ್ನೂ ತಿನ್ನುತ್ತವೆ.

ಇಷ್ಟು ಬರೆದಾಗ ಒಂದು ಗಂಟು ಕಣ್ಣಿಗೆ ಬಿತ್ತು. ಪಾಲಿಸಿ ಭಾವನ ಹೆಸರಿನಲ್ಲಿದೆ. ಅವರು ಕ್ಲೇಮ್ ಹಾಕದೆ ಸರ್ವೇಯರ್ ಬರುವುದಿಲ್ಲ, ಸರ್ವೇಯರ್ ಬರದೆ ಗಾಡಿ ಬಿಚ್ಚುವಂತಿಲ್ಲ. ಶೀಲಾ ಹನ್ನೆರಡು ದಿನದಿಂದ ಮುಂದೂಡುತ್ತಿದ್ದ ಫೋನೇ ಮೊದಲ ಹಂತ.

"ದೀಪ ಹತ್ತಿದ ಕೂಡಲೇ ನಿಲ್ಲಿಸಿದೆ ಅಂತ ಹೇಳಿಬಿಡು" ಎಂಬುದು ಗಂಡನ ಸಲಹೆಯಾಗಿತ್ತು. ಬೇಡವೆಂದೆವು. ಸವೆದ ಬೇರಿಂಗ್ ನೋಡಿದರೆ ಯಾವ ಸರ್ವೇಯರಿಗೂ ಗಾಡಿ ಓಡಿದ್ದು ತಿಳಿಯುತ್ತದೆ. ಸುಳ್ಳು ಹೇಳಿಕೆಯಿಂದ ಸಿಗಬೇಕಾದ ಚೇಂಬರಿನ ದುಡ್ಡೂ ಹೋಗಬಹುದು. ಕಲ್ಲು ತಾಗಿ ಒಡೆದ ಚೇಂಬರ್ ಅಪಘಾತದ ಹಾನಿ. ಭಾಗ ಹಳೆಯದಾದ ಲೆಕ್ಕದ ಸವಕಳಿ ಕಳೆದು ದುಡ್ಡು ಕೊಡುತ್ತಾರೆ. ಅದಾದ ಮೇಲೆ ಓಡಿಸಿ ಹೆಚ್ಚಿದ ಹಾನಿ ಮಾಲೀಕರ ಹೊಣೆ ಎಂದು ಸಾಮಾನ್ಯ ಪಾಲಿಸಿಯಲ್ಲೇ ಬರೆದಿರುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ (ಆಡ್-ಆನ್) ಇದೆಯೇ, ಅದರ ಷರತ್ತೇನು ಎಂದು ಓದಬೇಕು. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಪಡೆದು ಕಂಪನಿಗೆ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ.

ಫೋನಿನ ಮಾತನ್ನು ಕೂತು ಬರೆಸಿದೆವು: "ಭಾವ, ನಿಮಗೆ ಪೂರ್ತಿ ಹೇಳಿರಲಿಲ್ಲ. ಕಲ್ಲು ಬಡಿದು ಚೇಂಬರ್ ಒಡೀತು. ಕೆಂಪು ದೀಪ ಹತ್ತಿದ ಮೇಲೂ ಎರಡು ಮೂರು ಕಿಲೋಮೀಟರ್ ಓಡಿಸಿದೆ. ಇನ್ನೂ ಬಿಚ್ಚಿಸಿಲ್ಲ, ನೀವು ಕ್ಲೇಮ್ ಹಾಕಬೇಕು. ನಮ್ಮ ಕೈಲಿ ಈಗ ನಲವತ್ತು ಸಾವಿರ ಆಗುತ್ತೆ, ಉಳಿದದ್ದು ತಿಂಗಳಿಗೆ ಐದು ಸಾವಿರದ ಹಾಗೆ." ನಲವತ್ತು ಸಾವಿರ ಅವರ ಆರ್‌ಡಿ ಖಾತೆಯಲ್ಲಿದ್ದ ಹಣ. ಪೂರ್ತಿ ನಾವೇ ಕಟ್ಟುತ್ತೇವೆ ಎಂಬ ಮಾತು ಬೇಡ, ಕೋಪ ಬಂತಾ ಎಂದು ಕೇಳುವುದೂ ಬೇಡ. ಬಿಚ್ಚಿದ ಮೇಲಿನ ಲಿಖಿತ ಎಸ್ಟಿಮೇಟ್ ಕೈಗೆ ಬರುವವರೆಗೆ ಸರ ಮಾರುವುದಾಗಲಿ ಅಡವಿಡುವುದಾಗಲಿ ಇಲ್ಲ.

"ಎಲ್ಲಾ ನನ್ನಿಂದಲೇ" ಎಂಬ ಮಾತಿಗೆ ಬೇರೆ ಕೆಲಸ ಕೊಟ್ಟೆವು. ರೊಟ್ಟಿ ಹಂಚುವ ಹಾಗೆ ವೃತ್ತ ಬರೆದು, ಮೊದಲು ಕಲ್ಲು, ರಸ್ತೆ, ಕೆಳಗಿನ ಗಾರ್ಡ್ ಬಿಚ್ಚಿಹೋಗಿದ್ದದ್ದು, ದೀಪದ ಅರ್ಥ ಗೊತ್ತಿಲ್ಲದ್ದು ಇವಕ್ಕೆ ಪಾಲು ಕೊಡಿಸಿದೆವು. ತಮ್ಮ ಪಾಲನ್ನು ಕೊನೆಗೆ ಹಾಕಬೇಕು. ಅವರಿಗೆ ಕಾಲು ಭಾಗ ಉಳಿಯಿತು. ಸೊನ್ನೆ ಮಾಡಿಸುವ ಉದ್ದೇಶ ನಮಗಿರಲಿಲ್ಲ, ಕಾಲು ಭಾಗ ನಿಜವಾಗಿಯೂ ಅವರದೇ.

ನಿದ್ದೆಗೆ: ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷ ಚಿಂತೆಗೆಂದೇ ಮೀಸಲು, ನೋಟ್‌ಬುಕ್ಕಿನಲ್ಲಿ ಬರೆದು. ರಾತ್ರಿ ಬಂದ ಚಿಂತೆಗೆ ಒಂದೇ ಪದ ಗೀಚಿ ಮರುದಿನದ ಸಂಜೆಗೆ ತಳ್ಳುವುದು. ಎಂಟರ ನಂತರ ಎಂಜಿನ್ ವಿಡಿಯೊ ಇಲ್ಲ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು. ಎಷ್ಟೊತ್ತಿಗೇ ಮಲಗಿರಲಿ, ಏಳುವುದು ಆರಕ್ಕೆ.

ಭಾವ ಬೈದರು, ಎರಡು ದಿನ ಬಿಟ್ಟು ಕ್ಲೇಮ್ ಹಾಕಿದರು. ಬಿಚ್ಚಿದಾಗ ನಾಲ್ಕರಲ್ಲಿ ಎರಡು ಬಿಗ್ ಎಂಡ್ ಬೇರಿಂಗ್ ಒಳಪದರದ ತಾಮ್ರ ಕಾಣುವಷ್ಟು ಸವೆದಿದ್ದವು, ಕ್ರ್ಯಾಂಕ್ 0.25 ಗ್ರೈಂಡಿಂಗಿಗೆ ಹೋಯಿತು. ಬೋರು, ಟರ್ಬೊ ಸರಿಯಿದ್ದವು. ಆಡ್-ಆನ್ ಇರಲಿಲ್ಲ, ವಿಮೆಯಿಂದ ಬಂದದ್ದು ಚೇಂಬರಿನ ಲೆಕ್ಕ ಮಾತ್ರ. ಒಟ್ಟು ಬಿಲ್ ಎಪ್ಪತ್ತು ಸಾವಿರದ ಒಳಗೆ ನಿಂತಿತು, ಸರ ಉಳಿಯಿತು. ನಾಲ್ಕನೇ ಭೇಟಿಗೆ ಜಿಎಡಿ-7 ಅಂಕ 6. ಓರಗಿತ್ತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಸ್ಟೇರಿಂಗ್ ಮುಟ್ಟಲು ಶೀಲಾಗೆ ಈಗಲೂ ಹೆದರಿಕೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಬಡಾವಣೆಯೊಳಗೆ ಹತ್ತು ನಿಮಿಷ, ಆಮೇಲೆ ರಿಂಗ್ ರೋಡ್, ಕೊನೆಗೆ ಹೆದ್ದಾರಿ ಎಂದು ಕ್ರಮ ಹಾಕಿದ್ದೇವೆ. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿ, ಎಂಜಿನ್ ಶುರುವಾದ ಕೆಲವೇ ಕ್ಷಣದಲ್ಲಿ ಆರುವುದನ್ನು ಪ್ರತಿ ಸಲ ನೋಡಬೇಕು. ಓಡುವಾಗ ಮತ್ತೆ ಹತ್ತಿದರೆ ಬದಿಗೆ ಹಾಕಿ ತಕ್ಷಣ ಆಫ್.